ಬತ್ತಿದ ಬಾವಿಯಲ್ಲಿ ಪಂಪಿನ ಸದ್ದು

ಇದು ನಮ್ಮ ದೊಡ್ಡಮ್ಮನ ಮಗ ತಿಪ್ಪೇಶನಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಎರಡು ವರ್ಷದ ಕೆಳಗೆ, ಕಾರ್ತಿಕ ಮಾಸದಲ್ಲಿ... ಅವನು ಅಜ್ಜಂಪುರ ಸ್ಟೇಷನ್ನಿನಲ್ಲಿ ಇಳಿದಾಗ ರಾತ್ರಿ ಹನ್ನೊಂದು ದಾಟಿತ್ತು. ಆಟೋದವರೆಲ್ಲ ಮನೆ ಸೇರಿದ್ದರು. ನಮ್ಮೂರಿಗೆ ಮೂರು ಕಿಲೋಮೀಟರು, ನಡೆದೇ ಬರಬೇಕು. ಮೊಬೈಲಿತ್ತು, ಚಾರ್ಜಿರಲಿಲ್ಲ.

ಅರ್ಧ ದಾರಿಯಲ್ಲಿ ಆಲದ ಮರ, ಅದರ ಪಕ್ಕ ಹಳೇ ಬಾವಿ. ನಿಮಗೆ ಗೊತ್ತಿರೋದೇ. ನೀರು ಬತ್ತಿ ಹನ್ನೆರಡು ವರ್ಷ ಆಗಿತ್ತು. ಮೋಟರಿಲ್ಲ, ವೈರಿಲ್ಲ, ಹತ್ತಿರದಲ್ಲಿ ಕರೆಂಟ್ ಕಂಬವೂ ಇಲ್ಲ. ಆದರೆ ಅವತ್ತು ಒಳಗಿಂದ ಸದ್ದು ಬರ್ತಿತ್ತು.

ಮೊದಲು ಗೊಳ... ಗೊಳ... ಗೊಳ. ಯಾರೋ ಬಾಯಿ ಮುಕ್ಕಳಿಸಿದ ಹಾಗೆ. ಬರಬರ್ತಾ ಆ ಗೊಳಗೊಳ ಕಮ್ಮಿಯಾಯ್ತು. ಆಮೇಲೆ ಟಕ... ಟಕ... ಟಕ... ಸಣ್ಣಗೆ, ಒಣಕಲಾಗಿ.

ನೀವೋ ನಾನೋ ಆಗಿದ್ದರೆ ಯಾರದೋ ಪಂಪ್‌ಸೆಟ್ಟು ಅಂದ್ಕೊಂಡು ಮುಂದೆ ಹೋಗ್ತಿದ್ದೆವು. ತಿಪ್ಪೇಶನ ಕಾಲು ಅಲ್ಲೇ ನಿಂತವು. ಏಳು ವರ್ಷ ಹಗಲೂ ರಾತ್ರಿ ಕೇಳಿದ ಸದ್ದು ಅದು. ಅವನ ಲ್ಯಾಬಿನ ರೋಟರಿ ಪಂಪು. ಮುಚ್ಚಿದ ಗಾಜಿನ ಗುಮ್ಮಟದೊಳಗಿಂದ ಗಾಳಿ ಎಳೆಯೋವಾಗ ಗೊಳಗೊಳ ಅನ್ನುತ್ತೆ. ಎಳೆಯೋಕೆ ಗಾಳಿಯೇ ಉಳಿಯದಿದ್ದಾಗ ಟಕಟಕ ಅನ್ನುತ್ತೆ. ಬಾವಿಯ ತಳದಲ್ಲಿ ಯಾರೋ ಕೂತು ವ್ಯಾಕ್ಯೂಮ್ ಮಾಡ್ತಿದ್ದರು.

ತಿಪ್ಪೇಶ ಏನು ಮಾಡ್ಕೊಂಡಿದ್ದ ಅಂತ ಹೇಳ್ತೀನಿ ತಾಳಿ, ಇಲ್ಲದಿದ್ರೆ ಅವನ ಕಾಲು ಯಾಕೆ ಹಂಗೆ ನಿಂತವು ಅಂತ ನಿಮಗೆ ಗೊತ್ತಾಗಲ್ಲ. ಯೂನಿವರ್ಸಿಟಿ ಹೆಸರು ಬೇಡ. ಅಲ್ಲಿ ಸೆಮಿಕಂಡಕ್ಟರ್ ರಿಸರ್ಚ್ ಗ್ರೂಪು ಅಂತ ಒಂದು. ದೊಡ್ಡ ಹೆಸರು, ಒಳಗೆ ಹೋದ್ರೆ ಮಳೆ ಬಂದರೆ ಸೋರೋ ಎರಡು ರೂಮು, ಒಬ್ಬ ಗೈಡು, ನಾಲ್ಕು ಜನ ಪಿಎಚ್‌ಡಿ ಮಾಡೋರು. ಚಿಕ್ಕ ಗಾಜಿನ ತುಂಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ತವರದ ಪದರ ಕೂರಿಸಿ, ಫರ್ನೇಸಿನಲ್ಲಿ ಕಾಯಿಸಿ, ಅದು ಕೆಟ್ಟ ಗ್ಯಾಸಿನ ವಾಸನೆ ಹಿಡಿಯುತ್ತಾ ಅಂತ ನೋಡೋದು ಅವರ ಕೆಲಸ. ಆ ಪದರಕ್ಕೆ ಫಿಲ್ಮು ಅಂತಾರೆ.

ಅಲ್ಲಿ ಇವನಿಗಿಂತ ಸೀನಿಯರ್ ಒಬ್ಬನಿದ್ದ, ಹಿರೇನಲ್ಲೂರು ಕಡೆಯವನು, ಭೈರೇಶ ಅಂತ. ತಿಪ್ಪೇಶನಿಗೆ ಗಾಜು ಒಡೆಯದ ಹಾಗೆ ಚಿಮಟ ಹಿಡಿಯೋದು ಕಲಿಸಿದವನೇ ಅವನು. ಫೆಲೋಶಿಪ್ ಬಾರದ ತಿಂಗಳುಗಳಲ್ಲಿ ತನ್ನ ರೂಮಿನಲ್ಲಿ ಇಟ್ಕೊಂಡು ಅನ್ನ ಹಾಕಿದವನೂ ಅವನೇ. ಒಂದ್ಸಲ ನಮ್ಮೂರಿಗೂ ಬಂದಿದ್ದ. ಇದೇ ಬಾವಿ ಕಟ್ಟೆ ಮೇಲೆ ಕೂತು, ಸುಟ್ಟ ಕಡ್ಲೇಕಾಯಿ ಬಿಡಿಸ್ತಾ ನಮ್ಮನ್ನೆಲ್ಲ ನಗಿಸಿದ್ದ. ಒಳ್ಳೇ ಮನುಷ್ಯ... ಒಳ್ಳೆಯವರಿಗೇ ಬೇಗ ಸಾವು ಬರುತ್ತೆ ನೋಡಿ. ಎಂಟು ವರ್ಷ ತಿಣುಕಿ ಕೊನೆಗೂ ಒಂದು ಫಿಲ್ಮು ಮಾಡಿದ, ಚಿಟಿಕೆಯಷ್ಟು ಅಮೋನಿಯ ಸೋಕಿದರೂ ಹಿಡೀತಿತ್ತು. ಮಾಡಿದ ಹದಿನೈದನೇ ದಿನ ಕಡೂರಿಂದ ಬೈಕಲ್ಲಿ ಬರೋವಾಗ ಲಾರಿ ಗುದ್ದಿ ಹೋಗ್ಬಿಟ್ಟ.

ತಿಥಿ ಮುಗಿದ ವಾರಕ್ಕೆ ಗೈಡು ಮೋಹನ್ ಸರ್ ತಿಪ್ಪೇಶನನ್ನ ಚೇಂಬರಿಗೆ ಕರೆದು ಬಾಗಿಲು ಹಾಕಿದರು.

"ಸತ್ತವನಿಗೆ ಪಿಎಚ್‌ಡಿ ಯಾಕಯ್ಯಾ? ಕೆಲಸ ಹಾಳಾಗೋದು ಬೇಡ. ನಿನ್ನ ಹೆಸರಲ್ಲಿ ಬರೆದುಬಿಡು. ಕೊನೇಲಿ ನನ್ನದೂ ಇರಲಿ."

ಇವನು ಬರೆದ. ಭೈರೇಶನ ನೋಟ್‌ಬುಕ್ಕಿನ ಕೊನೇ ಹಾಳೆಯ ಕೆಳಗೆ ಅವನ ಸಹಿ, ತಾರೀಕು ಇತ್ತು. ಯಾರಾದರೂ ನೋಡಿದರೆ ಫಿಲ್ಮು ಯಾರದು ಅಂತ ಗೊತ್ತಾಗುತ್ತೆ. ಮೇಲೆ ಏನು ಬರೆದಿದೆ ಅಂತ ಓದೋ ವ್ಯವಧಾನವೂ ಇವನಿಗಿರಲಿಲ್ಲ. ಹಾಳೆ ಹರಿದ, ಹಾಸ್ಟೆಲ್ ಹಿಂದೆ ಹೋಗಿ ಕಡ್ಡಿ ಗೀರಿದ. ಹೊಟ್ಟೆಗೆ ಅನ್ನ ತಿನ್ನೋರು ಮಾಡೋ ಕೆಲಸವಾ ಅದು?

ಜರ್ನಲ್ಲಿಗೆ ಪೇಪರ್ ಕಳಿಸಿದರು. ಚೆನ್ನಾಗಿದೆ, ಇನ್ನೊಂದು ಸಲ ಮಾಡಿ ತೋರಿಸಿ ಅಂತ ಪತ್ರ ಬಂತು. ತಿಪ್ಪೇಶ ಎರಡು ತಿಂಗಳು ಮಾಡಿದ. ಮೂವತ್ತು ಫಿಲ್ಮು. ಬುಕ್ಕಲ್ಲಿ ಇದ್ದ ಹಾಗೇ ನಾನೂರೈವತ್ತು ಡಿಗ್ರಿಗೆ ಕಾಯಿಸಿದ. ಒಂದಾದರೂ ವಾಸನೆ ಹಿಡೀಬೇಕಲ್ಲ! ಪೇಪರ್ ಆಗದಿದ್ದರೆ ಥೀಸಿಸ್ ಇಲ್ಲ. ಡಿಸೆಂಬರ್ ದಾಟಿದರೆ ರಿಜಿಸ್ಟ್ರೇಷನ್ನೇ ಇಲ್ಲ. ಏಳು ವರ್ಷ ಮಣ್ಣುಪಾಲು. ನಮ್ಮ ವಂಶದಲ್ಲೇ ಮೊದಲನೇ ಡಾಕ್ಟರ್ ಆಗ್ತಾನೆ ಅಂತ ದೊಡ್ಡಮ್ಮ ಊರೆಲ್ಲ ಹೇಳ್ಕೊಂಡು ಬಂದಿದ್ದಳು. ಅವಳಿಗೆ ಏನಂತ ಹೇಳೋದು ಅಂತ ಯೋಚಿಸ್ತಾ ಬರ್ತಿದ್ದಾಗಲೇ ಅವನಿಗೆ ಆ ಪಂಪು ಕೇಳಿದ್ದು.

ಪಂಪು ನಿಂತಿತು.

ಸ್ಸ್ಸ್ಸ್... ಗುಮ್ಮಟದೊಳಕ್ಕೆ ಗಾಳಿ ಬಿಟ್ಟ ಸದ್ದು. ಆಮೇಲೆ ಟಿಣ್. ಚಿಮಟ ಕೆಳಗಿಟ್ಟ ಸದ್ದು.

"ಯಾರದು?" ತಿಪ್ಪೇಶ ಕಟ್ಟೆಯ ಮೇಲೆ ಬಗ್ಗಿ ಕೇಳಿದ.

"ನಾನೇ ಕಣೋ..."

"ಭೈರೇಶಣ್ಣ?"

"ಎಷ್ಟಕ್ಕೆ ಕಾಯಿಸ್ದೆ?"

"ನಾನೂರೈವತ್ತು... ಬುಕ್ಕಲ್ಲಿ ಹಂಗೇ ಐತಲ್ಲಣ್ಣ."

ಆಲದ ಎಲೆ ಒಂದೂ ಅಲ್ಲಾಡಲಿಲ್ಲ.

"ಆ ಫರ್ನೇಸಿನ ಮೀಟ್ರು ಸುಳ್ಳು ಕಣೋ. ಅರವತ್ತು ಕಮ್ಮಿ ತೋರ್ಸುತ್ತೆ. ನಾನೂರೈವತ್ತು ಬೇಕು ಅಂದ್ರೆ ಮುನ್ನೂರ ತೊಂಬತ್ತಕ್ಕೆ ಇಡ್ಬೇಕು... ಬರ್ದಿಟ್ಟಿದ್ನಲ್ಲ. ಕೊನೇ ಹಾಳೇಲಿ."

ತಿಪ್ಪೇಶ ಕಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಆ ಹಾಳೆ ಎಲ್ಲೋಯ್ತೋ?"

ತಿಪ್ಪೇಶ ಇನ್ನೊಂದು ಹೆಜ್ಜೆ ಹಿಂದಿಟ್ಟ.

"ಹೋಗ್ಲಿ ಬಿಡು... ನನ್ ಹೆಸ್ರು ಹಾಕ್ತೀಯೇನೋ?"

"ಹಾಕ್ತೀನಣ್ಣ. ನಮ್ಮವ್ವನಾಣೆ ಹಾಕ್ತೀನಿ."

ಗೊಳ... ಗೊಳ... ಪಂಪು ಮತ್ತೆ ಶುರುವಾಯ್ತು. ತಿಪ್ಪೇಶ ಓಡಿದ. ದೊಡ್ಡಮ್ಮ ಬಾಗಿಲು ತೆಗೆದಾಗ ಅಂಥಾ ಚಳಿಯಲ್ಲೂ ಅವನ ಅಂಗಿ ಹಿಂಡಿದರೆ ನೀರು ಬರೋ ಹಾಗಿತ್ತಂತೆ. ಪಕ್ಕದ ಮನೆಯಿಂದ ನಾನೂ ಎದ್ದು ಹೋದೆ. ಹಲ್ಲು ಕಟಕಟ ಅಂತಿದ್ದವು. ಒಂದೇ ಮಾತು ಹೇಳ್ತಿದ್ದ, ಮುನ್ನೂರ ತೊಂಬತ್ತು, ಮುನ್ನೂರ ತೊಂಬತ್ತು ಅಂತ. ಜ್ವರ ನೆತ್ತಿಗೇರಿದೆ ಅಂದ್ಕೊಂಡ್ವಿ.

ಬೆಳಿಗ್ಗೆ ಮೊದಲ ಬಸ್ಸಿಗೆ ತರೀಕೆರೆ ಮೇಲೆ ಹೋಗಿ ಲ್ಯಾಬು ಸೇರಿದ. ಮುನ್ನೂರ ತೊಂಬತ್ತಕ್ಕೆ ಇಟ್ಟ. ಮೊದಲನೇ ಫಿಲ್ಮೇ ಹಿಡೀತು! ಅಮೋನಿಯ ಬಾಟಲಿ ಮುಚ್ಚಳ ತೆಗೆದದ್ದೇ ತಡ, ಫಿಲ್ಮಿಗೆ ಕಟ್ಟಿದ ಮೀಟರಿನ ಅಂಕಿ ಸರ್ರನೆ ಇಳೀತು. ಫರ್ನೇಸಿನ ಮುಂದೆ ನೆಲದ ಮೇಲೆ ಕೂತು ಅತ್ತನಂತೆ. ಸಂತೋಷಕ್ಕೋ ನಾಚಿಕೆಗೋ, ಅವನಿಗೇ ಗೊತ್ತಿರಲಿಲ್ಲ.

ಸರ್ ಹತ್ರ ಹೋದ. ಭೈರೇಶಣ್ಣನ ಹೆಸರು ಸೇರಿಸೋಣ ಸರ್, ಅಂದ.

"ಈಗ ಸೇರಿಸಿದ್ರೆ, ಇಷ್ಟು ದಿನ ಯಾಕಿರಲಿಲ್ಲ ಅಂತ ಕೇಳ್ತಾರೆ. ಏನು ಹೇಳ್ತೀಯಾ? ಪೇಪರೂ ಹೋಗುತ್ತೆ, ಥೀಸಿಸ್ಸೂ ಹೋಗುತ್ತೆ. ಯೋಚನೆ ಮಾಡು."

ತಿಪ್ಪೇಶ ಯೋಚನೆ ಮಾಡಿದ. ಅದನ್ನ ಬಿಟ್ಟು ಇನ್ನೇನೂ ಮಾಡಲಿಲ್ಲ.

ಮರುವರ್ಷ ಡಿಗ್ರಿ ಬಂತು. ದೊಡ್ಡಮ್ಮ ಹೋಳಿಗೆ ಊಟ ಹಾಕಿಸಿದಳು. ಹೊತ್ತು ಇಳಿಯೋ ಹೊತ್ತಿಗೆ ಭೈರೇಶನ ತಾಯಿ ಪ್ರೇಮಮ್ಮ, ಕರೆಯದಿದ್ರೂ, ಎರಡು ಬಸ್ಸು ಬದಲಾಯಿಸಿ ಬಂದಳು. ಚೀಲದಲ್ಲಿ ನಾಲ್ಕು ತೆಂಗಿನಕಾಯಿ. ಯಾರ ಮೇಲೂ ಸಿಟ್ಟಿಲ್ಲ ಆಯಮ್ಮನಿಗೆ. ತಿಪ್ಪೇಶನ ತಲೆ ಸವರಿ, ಮೆಲ್ಲಗೆ ಕೇಳಿದಳು.

"ನಮ್ ಭೈರನ ಹೆಸ್ರು ಎಲ್ಲಾದ್ರೂ ಹಾಕಿದೀಯೇನಪ್ಪಾ?"

ತಿಪ್ಪೇಶ ಥೀಸಿಸ್ ತಂದ. ಮೊದಲ ಪುಟಗಳಲ್ಲಿ ಉಪಕಾರ ನೆನೆಯೋದು ಇರುತ್ತಲ್ಲ, ಅಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟ.

"ಇಲ್ಲೈತೆ ನೋಡಮ್ಮ."

ಆಯಮ್ಮನಿಗೆ ಇಂಗ್ಲಿಷ್ ಬರಲ್ಲ. ಆ ಸಾಲು ಮುಟ್ಟಿ ಮುಟ್ಟಿ ಕಣ್ಣಿಗೊತ್ಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೆ ಬರುತ್ತೆ. ಅದು ಗಾಜು ಸಪ್ಲೈ ಮಾಡಿದ ಕಂಪನಿ ಹೆಸರು. ನನ್ನ ನಾಲಿಗೆಗೆ ಏನಾಗಿತ್ತೋ, ನಾನೂ ಸುಮ್ಮನಿದ್ದೆ. ಆ ಪಾಪದಲ್ಲಿ ನನಗೂ ಪಾಲಿದೆ, ಇಲ್ಲ ಅನ್ನಲ್ಲ.

ಆಮೇಲೆ ತಿಪ್ಪೇಶ ಬಾವಿಯ ಕಡೆ ದಾರಿಯನ್ನೇ ಬಿಟ್ಟ. ಈಗ ತರೀಕೆರೆಯಲ್ಲಿ ಗೆಸ್ಟ್ ಲೆಕ್ಚರರು. ಅಷ್ಟೆಲ್ಲ ಮಾಡಿ ಸಿಕ್ಕಿದ್ದು ಅಷ್ಟು. ಕತ್ತಲಾಗೋದರೊಳಗೆ ಮನೆ ಸೇರ್ತಾನೆ, ಸೇರಿದ ಮೇಲೆ ಹೊರಗೆ ಬರಲ್ಲ.

ಈ ಬೇಸಿಗೆಯಲ್ಲಿ ಪಂಚಾಯ್ತಿಯವರು ಬಾವಿಯ ಹೂಳು ತೆಗೆಸಿದರು. ಆರೇಳು ಅಡಿ ಮಣ್ಣು ತೆಗೆದ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಸಾಬೂನಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಒಳಗೆ ಬರೀ ಗಾಜಿನ ತುಂಡು, ಒಂದೊಂದಕ್ಕೂ ಒಂದೊಂದು ಸಂದು, ಸಾಲಾಗಿ ನಿಲ್ಲಿಸಿದ್ದವು. ಹನಿ ನೀರಿಲ್ಲ, ಧೂಳಿಲ್ಲ. ಇದೇನು ಅಂತ ಯಾರಿಗೂ ತಿಳೀಲಿಲ್ಲ. ಓದಿದೋನಲ್ವಾ, ತಿಪ್ಪೇಶನನ್ನ ಕರೀರಿ ಅಂದರು. ಹಗಲು ಹೊತ್ತಾದ್ದರಿಂದ ಬಂದ.

ಡಬ್ಬಿ ಕೈಗೆ ತಗೊಂಡ. ಒಂದು ಗಾಜು ಎತ್ತಿ ಬಿಸಿಲಿಗೆ ಹಿಡಿದ. ಹಾಗೇ ಮಣ್ಣಿನ ಗುಡ್ಡೆ ಮೇಲೆ ಕೂತ.

ಗಾಜಿನ ಮೂಲೆಯಲ್ಲಿ ನಂಬರು ಗೀಚಿ, ಅದರ ಕೆಳಗೆ ಮಾಡಿದವರ ಹೆಸರಿನ ಮೊದಲಕ್ಷರ ಗೀಚೋದು ಆ ಲ್ಯಾಬಿನ ರೂಢಿಯಂತೆ. ಭೈರೇಶ ಸಾಯೋ ಹೊತ್ತಿಗೆ ಅವನ ಲೆಕ್ಕ ಇನ್ನೂರ ಹನ್ನೊಂದಕ್ಕೆ ನಿಂತಿತ್ತು. ಡಬ್ಬಿಯಲ್ಲಿದ್ದವು ಇನ್ನೂರ ಹನ್ನೆರಡರಿಂದ ಶುರುವಾಗಿ... ಇನ್ನೂರ ಮೂವತ್ತಾರರ ತನಕ. ಇಪ್ಪತ್ತೈದು. ಬರಹ ಭೈರೇಶನದೇ ಅಂತ ತಿಪ್ಪೇಶನೇ ಹೇಳಿದ.

ನಂಬದಿದ್ರೆ ಬಿಡಿ, ನನಗೇನೂ ನಷ್ಟ ಇಲ್ಲ. ಅದರಲ್ಲಿ ಒಂದು ಗಾಜು ನಮ್ಮನೇಲೇ ಇದೆ, ಬೆಳಿಗ್ಗೆ ಬನ್ನಿ ತೋರಿಸ್ತೀನಿ. ಇಪ್ಪತ್ತೈದನ್ನೂ ನಾನು ಕೈಯಾರೆ ಎತ್ತಿ ನೋಡಿದೀನಿ. ಎಲ್ಲದರ ಮೇಲೂ ಇಬ್ಬರ ಅಕ್ಷರ ಇತ್ತು. ಮೊದಲು ತಿ. ಆಮೇಲೆ ಭೈ.