ಗುರುವಿನ ಆಂಪ್ಲಿಫಯರ್

ಅಮೆರಿಕದ ನ್ಯಾಶ್‌ವಿಲ್‌ನ ರಿಪೇರಿ ಅಂಗಡಿಯ ಸಾಲಿನಲ್ಲಿ, ನನ್ನ ಮುಂದೆ ಕಾಲಲ್ಲಿ ಪೆಡಲ್ ಒತ್ತುತ್ತಾ ನುಡಿಸುವ ಪೆಡಲ್ ಸ್ಟೀಲ್ ಗಿಟಾರಿನ ವಾದಕ ಹಾಲಿಸ್ ಮತ್ತು ಅವನ ಅಕ್ಕ ವರ್ನಾ ನಿಂತಿದ್ದರು. ಇಬ್ಬರ ನಡುವೆ, ತೀರಿಹೋದ ಅವನ ಗುರುವಿನ ಹಳೆಯ ಆಂಪ್ಲಿಫಯರ್.

"ಗುರುಗಳ ನೆನಪಿನ ಆಲ್ಬಮ್ ರೆಕಾರ್ಡ್ ಮಾಡೋವಾಗ್ಲೇ ಅವರ ಆಂಪ್ ಕೈಕೊಡ್ತಲ್ಲೋ! ಏನ್ ಮಾಡ್ದೆ?" ವರ್ನಾ ಕೇಳಿದಳು.

"ಸ್ಟುಡಿಯೋದ ಹೊಸದ್ರಲ್ಲೇ ಹೆದರ್ಕೊಂಡು ನುಡಿಸ್ದೆ ಅಕ್ಕಾ."

"ಅವರ ಹೆಂಡ್ತಿ ಕೇಳೋಕೆ ಬಂದಿದ್ರಂತಲ್ಲ?"

"ಆಮೇಲೆ ಬಂದ್ರು. ಕಣ್ಣು ಮುಚ್ಕೊಂಡು ಕೇಳಿದ್ರು. 'ನಮ್ಮೋರ ಈ ಹಳೇ ಟೇಪು ಎಲ್ಲಿ ಸಿಕ್ತು?' ಅಂದ್ರು."

"ಅಯ್ಯೋ! ನೀನೇ ನುಡಿಸಿದ್ದು ಅಂತ ಹೇಳ್ದ್ಯಾ?"

"ಹೇಳ್ದೆ. ನನ್ನ ಕೈ ಹಿಡ್ಕೊಂಡು ಕೂತ್ಬಿಟ್ರು."

"ಮತ್ತೆ ಇದನ್ನ ಇಲ್ಲಿಗ್ಯಾಕೋ ಹೊರಿಸ್ಕೊಂಡು ಬಂದೆ?"

"ಇದಿಲ್ದೆ ನುಡಿಸೋಕೆ ಇನ್ನೂ ಹೆದರಿಕೆ ಅಕ್ಕಾ."

"ಹೆದರಿಕೆಯಂತೆ, ಹೆದರಿಕೆ! ಆ ಕಡೆ ಹಿಡ್ಕೋ, ಮನೆಗೆ ಹೋಗೋಣ."

ಹಾಲಿಸ್ ಜೋರಾಗಿ ನಕ್ಕುಬಿಟ್ಟ. ಇಬ್ಬರೂ ಅದನ್ನೆತ್ತಿಕೊಂಡು ಬಿಸಿಲಿಗೆ ಹೊರಟರು.