ಇನಾಸನ ಜಾಗ

ಖಾನಾಪುರ ನಿಲ್ದಾಣದಲ್ಲಿ ಬೆಳಗಾವಿ ಬಸ್ಸು ಹೊರಡುವ ಲಕ್ಷಣವೇ ಇರಲಿಲ್ಲ. ನನ್ನ ಮುಂದಿನ ಸೀಟಿನ ತರುಣ ತನ್ನ ಅತ್ತಿಗೆಗೆ ಹೊಸ ಕ್ಯಾಸೆಟ್ಟೊಂದನ್ನು ತೋರಿಸಿದ.

“ಬೆಳಗಾವಿ ಕ್ಯಾಂಪಿನ ಬ್ಯಾಂಡಿನವರ ಪಾಪ್ ಆಲ್ಬಮ್ ವೈನಿ. ಕೆಟ್ಟೈತಿ, ಅಂಗಡಿಗೆ ವಾಪಸ್ ಕೊಡಾಕ ಹೊಂಟೀನ್ರಿ.”

“ಏನಾಗೈತಿ ಸಂಜಯ?”

“ಪ್ರತಿ ಹಾಡಿನ್ಯಾಗೂ ಎರಡನೇ ಚರಣಕ್ಕ ಮುಂಚೆ ಸಪ್ಪಳನ ಇಲ್ಲ. ಆಮ್ಯಾಲ ಇಬ್ರೂ ಒಮ್ಮೆಲೆ ಹಾಡಾಕ ಹತ್ತತಾರ.”

“ಇಬ್ರ? ಮೂರು ಮಂದಿ ಇದ್ರಲ್ಲೋ! ನಾ ಟಿಳಕವಾಡಿ ಸಾಲಿಗೆ ಹೋಗುವಾಗಿಂದ ಕೇಳೇನಿ.”

“ಡ್ರಮ್ ಬಾರಸಾಂವ ಇನಾಸ ಹೋದ ವರ್ಷ ತೀರಿಕೊಂಡ್ನಂತ್ರಿ.”

ಆಕೆ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡಳು.

“ಇದು ಕೆಟ್ಟಿಲ್ಲೋ. ಆ ಹೊತ್ತಿಗೆ ಅವರಿಬ್ರೂ ಸುಮ್ಮನ ನಿಲ್ಲತಿದ್ರು, ಇನಾಸ ಒಬ್ಬನ ಬಾರಸ್ತಿದ್ದ. ಆ ಜಾಗಾ ಅವಗ ಬಿಟ್ಟಾರ.”

“ಡ್ರಮ್ ಇಲ್ದನ ಇಬ್ರೂ ಕೂಡೇ ಹೆಂಗ ಎತ್ತಿಕೊಳ್ತಾರ್ರಿ? ಒಂದೀಟೂ ಹಿಂದ ಮುಂದ ಆಗಿಲ್ಲ.”

“ಅವರಿಗೆ ಕೇಳಸ್ತಿರಬೇಕು.”

ಡ್ರೈವರ್ ಗಾಡಿ ಚಾಲೂ ಮಾಡಿದ. ಆಕೆ ಚೀಲ ಎತ್ತಿಕೊಂಡು ಸಂಜಯನಿಗಿಂತ ಮೊದಲೇ ಎದ್ದು ಬಾಗಿಲ ಕಡೆ ನಡೆದಳು.

“ತವರಮನಿಗೆ ನಾಳೆ ಹೋದ್ರಾತು. ಏಳು, ಮನಿಗೆ ಹೋಗಿ ಅಂವ ಬಾರಸೂದು ಕೇಳೂಣು.”