ನೂರಕ್ಕೆ ನೂರು ಹಾಜರಿ

ಈ ಶಾಲಾ ವಾರ್ಷಿಕೋತ್ಸವದ ನಡುಗುರ್ಚಿಯನ್ನು ತುಂಬಿರುವ ಅಧ್ಯಕ್ಷರೇ, ಅವರ ಬಲಕ್ಕೆ ಕುಳಿತು ಆಗಾಗ ಕೈಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ಎಡಕ್ಕೆ ಕುಳಿತಿರುವ, ಗಡಿಯಾರ ನೋಡದೆಯೇ ಹೊತ್ತು ಹೇಳಬಲ್ಲ ನಮ್ಮ ಮುಖ್ಯೋಪಾಧ್ಯಾಯಿನಿಯವರೇ, ಶಿಕ್ಷಕ ಬಳಗದವರೇ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಆಗಲೇ ಆಕಳಿಸುತ್ತಿರುವ ಮಕ್ಕಳೇ, ಅವರ ಹಿಂದೆ ಆಕಳಿಕೆ ನುಂಗಿಕೊಂಡು ಕುಳಿತಿರುವ ತಂದೆತಾಯಂದಿರೇ, ಒಟ್ಟಾರೆ ಸಭಿಕರೇ,

ನನಗೆ ಭಾಷಣ ಗೊತ್ತಿಲ್ಲ. ನಾನು ಮುದ್ರಣಾಲಯವೊಂದರಲ್ಲಿ ಪ್ರೂಫ್ ನೋಡುವವನು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ಸುತ್ತು ಹಾಕುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷ ಅದೇ ಮಾಡಿದ್ದೇನೆ. ಪ್ರಾಸಕ್ಕಾಗಿ ತ್ರಾಸ ಪಡುವುದು ನನ್ನ ಚಟ. ಕಸುಬು ಹೊಟ್ಟೆಗೆ, ಚಟ ಬಾಯಿಗೆ. ಎರಡನ್ನೂ ನನ್ನ ಹೆಂಡತಿ ಸಹಿಸಿಕೊಂಡು ಬಂದಿದ್ದಾಳೆ. ಆಕೆ ಹೊಲಿಗೆಯವಳು. ಕತ್ತರಿಸುವುದಕ್ಕಿಂತ ಜೋಡಿಸುವುದು ಕಷ್ಟ ಅಂತ ಬಲ್ಲವಳು.

ನನ್ನನ್ನು ಇಲ್ಲಿಗೆ ಕರೆದದ್ದು ಯಾಕೆ? ನಾಲ್ಕನೇ ತರಗತಿಯಲ್ಲಿ ಈ ವರ್ಷ ಒಂದೇ ಒಂದು ದಿನವೂ ತಪ್ಪಿಸದೆ ಬಂದ ಮಗುವಿಗೆ ಪೂರ್ಣ ಹಾಜರಾತಿಯ ಬಹುಮಾನ. ಆ ಮಗುವಿನ ತಂದೆ ಎರಡು ಮಾತಾಡಬೇಕು. ಆ ಮಗು ನನ್ನ ಮಗಳು. ಮಾತು ಶುರುವಾಗುವ ಮೊದಲೇ ಅವಳು ಮುಗಿಸಿಬಿಡುತ್ತಿದ್ದಳು, ಅದಕ್ಕೆ ನಾವು ಅವಳನ್ನು ಗಿಲಕಿ ಅಂತ ಕರೆಯುತ್ತೇವೆ.

ಚಪ್ಪಾಳೆ ಬೇಡ, ದಯವಿಟ್ಟು. ಸ್ವಲ್ಪ ತಡೆಯಿರಿ.

ಗಿಲಕಿಯನ್ನು ನಾನು ಈ ಶಾಲೆಯಿಂದ ಬಿಡಿಸಿ ಒಂಬತ್ತು ತಿಂಗಳಾಯಿತು.

ಈ ಸಾಲಿನಲ್ಲಿ ತಪ್ಪಿಲ್ಲ. ಎರಡೆರಡು ಸಲ ನೋಡಿಕೊಂಡು ಬಂದಿದ್ದೇನೆ.

ಬಿಡಿಸಿದ್ದೇಕೆ ಅಂತ ಕೇಳುತ್ತೀರಿ. ಶಾಲೆ ತೆರೆದ ಎರಡನೇ ವಾರ, ಅವಳ ಲೆಕ್ಕದ ಪುಸ್ತಕದಲ್ಲಿ ತಪ್ಪು ಉತ್ತರಕ್ಕೆ ಸರಿ ಗುರುತು ಹಾಕಿದ್ದು ಕಂಡೆ. ಒಂದಲ್ಲ, ಮೂರು. ಟೀಚರನ್ನು ದೂರುತ್ತಿಲ್ಲ. ನಲವತ್ತೆರಡು ಮಕ್ಕಳ ನಲವತ್ತೆರಡು ಪುಸ್ತಕ, ಒಂದು ಜೋಡಿ ಕಣ್ಣು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಊರಿನವರ ತಪ್ಪನ್ನೆಲ್ಲ ತಿದ್ದುವ ನಾನು ಮನೆಯ ಮಗುವಿನ ತಪ್ಪನ್ನು ಬಿಡಬಹುದೇ? ಬಿಡಬಾರದು ಅಂದುಕೊಂಡೆ. ಶನಿವಾರ ಬಂದು ಹೆಡ್ ಮೇಡಂಗೆ ಹೇಳಿದೆ, ಸೋಮವಾರದಿಂದ ನಾನೇ ಮನೆಯಲ್ಲಿ ಕಲಿಸುತ್ತೇನೆ ಅಂತ. ಅವರು, "ಯೋಚನೆ ಮಾಡಿದ್ದೀರಾ? ಮಗುವನ್ನ ಕೇಳಿದ್ರಾ?" ಅಂದರು. ಮೊದಲನೆಯದಕ್ಕೆ ಹೌದು ಅಂದೆ.

ಮುದ್ರಣಾಲಯದವರು ಕೆಲಸವನ್ನು ಮನೆಗೇ ಕೊಟ್ಟರು. ಊಟದ ಮೇಜಿನ ಒಂದು ಬದಿಗೆ ನಾನು, ನನ್ನ ಪ್ರೂಫು. ಎದುರು ಬದಿಗೆ ಅವಳು, ಅವಳ ಪಾಠ. ಹತ್ತಕ್ಕೆ ಗಣಿತ, ಹನ್ನೊಂದಕ್ಕೆ ಕನ್ನಡ. ಗದ್ದಲವಿಲ್ಲ, ಗಲಾಟೆಯಿಲ್ಲ, ಗೆಳತಿಯರಿಲ್ಲ. ಕೊನೆಯದನ್ನು ನಾನು ಆಗ ಅನುಕೂಲಗಳ ಪಟ್ಟಿಯಲ್ಲೇ ಬರೆದುಕೊಂಡಿದ್ದೆ. ಅವಳು ಬರೆದದ್ದನ್ನೆಲ್ಲ ತಿದ್ದಿದೆ. ಮಾತಾಡಿದ್ದನ್ನೂ ತಿದ್ದಿದೆ. ಮೊದಲ ತಿಂಗಳು ಪುಟಕ್ಕೆ ಹತ್ತು ಸುತ್ತು, ಎರಡನೇ ತಿಂಗಳು ನಾಲ್ಕು, ಮೂರನೇ ತಿಂಗಳು ಸೊನ್ನೆ. ಮುದ್ರಣಾಲಯದ ಗೆಳೆಯರಿಗೆ ಆ ಪುಸ್ತಕ ತೋರಿಸಿದೆ. ಅವರಲ್ಲೊಬ್ಬ, "ಇದನ್ನ ಮಗು ಬರೆದದ್ದಾ, ಮೆಷಿನ್ನಾ?" ಅಂದ. ಮೆಚ್ಚುಗೆ ಅಂದುಕೊಂಡು ಅವನಿಗೆ ಚಹಾ ಕುಡಿಸಿದೆ.

ಅವಳ ಹುಟ್ಟುಹಬ್ಬಕ್ಕೆ ಹೆಂಡತಿ ಲಂಗ ಹೊಲಿದಳು. ಅಳತೆ ಪಟ್ಟಿ ಹಿಡಿದು, ಬಿಟ್ಟು, ಮತ್ತೆ ಹಿಡಿದಳು. "ರೀ, ಹೋದ ವರ್ಷದ ಅಳತೆಯೇ ಸರಿಹೋಗತ್ತೆ. ಒಂದು ನೂಲಿನಷ್ಟೂ ಬೆಳೆದಿಲ್ಲ ಇವಳು" ಅಂದಳು. "ಬಟ್ಟೆ ಉಳೀತು ಬಿಡು" ಅಂದೆ. ನಾನು ನಕ್ಕೆ, ಆಕೆ ನಗಲಿಲ್ಲ, ಮಗಳೂ ನಗಲಿಲ್ಲ. ಗಿಲಕಿ ನಗುವುದನ್ನು ಬಿಟ್ಟು ಎಷ್ಟು ದಿನವಾಯಿತು ಅಂತ ಆಗ ಲೆಕ್ಕ ಹಾಕಬೇಕಿತ್ತು. ಗಣಿತದ ಹೊತ್ತು ಮುಗಿದಿತ್ತು, ಹಾಕಲಿಲ್ಲ.

ಇರಲಿ. ಹತ್ತು ದಿನದ ಹಿಂದೆ ಈ ಸಮಾರಂಭದ ಆಮಂತ್ರಣ ಬಂತು. ನೂರ ಎಂಬತ್ತೆರಡು ದಿನಕ್ಕೆ ನೂರ ಎಂಬತ್ತೆರಡು ಹಾಜರಿ, ನಿಮ್ಮ ಮಗಳು ಶಾಲೆಗೆ ಹೆಮ್ಮೆ, ಅಂತ. ಓದಿ ನಕ್ಕೆ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಆ ಕಾಗದವನ್ನೇ ಹಿಡಿದುಕೊಂಡು ಮರುದಿನ ಶಾಲೆಗೆ ಬಂದೆ. ಹೆಡ್ ಮೇಡಂ ನನ್ನ ಸುತ್ತನ್ನು ನೋಡಿದರು, ನನ್ನನ್ನು ನೋಡಿದರು.

"ನೀವು ಬಿಡಿಸ್ತೀನಿ ಅಂತ ಬಾಯಲ್ಲಿ ಹೇಳಿದ್ರಿ ಸರ್, ನಿಜ. ಆದ್ರೆ ಸೋಮವಾರ ಅವಳು ಬಂದಳು. ಬಂದ ಮಗುವನ್ನ ಬಾಗಿಲಿಂದ ವಾಪಸ್ ಕಳಿಸೋಕಾಗತ್ತಾ? ನೀವು ಮನಸ್ಸು ಬದಲಾಯಿಸಿದ್ರಿ ಅಂದ್ಕೊಂಡೆ."

"ಮೇಡಂ, ಅವಳು ಈಗ ಮನೆಯಲ್ಲಿದ್ದಾಳೆ. ಅವಳಮ್ಮನ ಜೊತೆ ಕೂರಿಸಿ ಬಂದಿದ್ದೀನಿ."

ಅವರು ಎದ್ದು ನಡೆದರು. ನಾಲ್ಕನೇ ತರಗತಿಯ ಕಿಟಕಿಯ ಹತ್ತಿರ ನಿಂತರು. ಮೂರನೇ ಬೆಂಚು. ಬೆನ್ನು ನನ್ನ ಕಡೆಗಿತ್ತು. ಒಂದು ಜಡೆ ಬಿಚ್ಚಿಹೋಗಿತ್ತು. ಲಂಗದ ಅಂಚನ್ನು ಬಿಚ್ಚಿ ಉದ್ದ ಮಾಡಿದ್ದರು, ಹಳೆಯ ಮಡಿಕೆಯ ಗೆರೆ ಕಾಣುತ್ತಿತ್ತು. "ನಾನೇ ಬಿಚ್ಚಿದ್ದು ಸರ್, ತುಂಬಾ ಗಿಡ್ಡ ಆಗಿತ್ತು" ಅಂದರು ಮೇಡಂ, ಕ್ಷಮೆ ಕೇಳುವವರ ಹಾಗೆ. ಟೀಚರ್ ಏನೋ ಕೇಳಿದರು. ಆ ಬೆನ್ನಿನ ಕೈ ಮೇಲೆ ಹೋಯಿತು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ತಪ್ಪು ಉತ್ತರ. ಇಡೀ ತರಗತಿ ನಕ್ಕಿತು, ಅವಳೂ ನಕ್ಕಳು.

ಆ ದನಿ ಒಂಬತ್ತು ತಿಂಗಳಿಂದ ನನ್ನ ಮನೆಯಲ್ಲಿ ಇರಲಿಲ್ಲ ಅಂತ ನನಗೆ ಆಗ ತಿಳಿಯಿತು.

ಒಳಗೆ ಹೋಗಿ ಮಾತಾಡಿಸಬಹುದಿತ್ತಲ್ಲವೇ? ತಂದೆಯಾದವನು ಅಷ್ಟು ಮಾಡಬೇಡವೇ? ಮಾಡಲಿಲ್ಲ. ಅವಳು ತಿರುಗಿದರೆ ಆ ಮುಖ ಯಾರದಿರಬಹುದು ಅಂತ ಹೆದರಿದೆ. ಮನೆಗೆ ಓಡಿದೆ. ನಲವತ್ತೈದು ದಾಟಿದವನ ಓಟ, ನೋಡಿದವರು ಕಳ್ಳ ಅಂದುಕೊಂಡಿರಬಹುದು. ಮೇಜಿನ ಮುಂದೆ ಮಗಳು ಬೆನ್ನು ನೇರ ಮಾಡಿ ಕುಳಿತು ಬರೆಯುತ್ತಿದ್ದಳು. "ಎಲ್ಲಾದ್ರೂ ಹೋಗಿದ್ಯಾ?" ಅಂದೆ. "ಎಲ್ಲಿಗೆ ಹೋಗಲಿ ಅಪ್ಪ? ಈಗ ಗಣಿತದ ಹೊತ್ತು" ಅಂದಳು.

ಸಂಜೆ ಮೇಡಂ ಫೋನ್ ಮಾಡಿದರು. ಅವರು ಹೇಳಿದ್ದನ್ನು ಹೇಳಿದಂತೆಯೇ ಹೇಳುತ್ತೇನೆ. "ಸರ್, ಇನ್ನೊಂದು ವಿಷಯ. ನಾಲ್ಕಕ್ಕೆ ಎಲ್ಲಾ ಮಕ್ಕಳನ್ನೂ ಯಾರಾದ್ರೂ ಬಂದು ಕರ್ಕೊಂಡು ಹೋಗ್ತಾರೆ. ಇವಳು ಗೇಟಿನ ಹತ್ರ ನಿಂತಿರ್ತಾಳೆ. ಯಾರ್ ಬರ್ತಾರೆ ಪುಟ್ಟಿ ಅಂದ್ರೆ ಅಪ್ಪ ಬರ್ತಾರೆ ಅಂತಾಳೆ. ನಾನು ಕೋಣೆಗಳಿಗೆ ಬೀಗ ಹಾಕಿ ತಿರುಗಿ ನೋಡೋ ಹೊತ್ತಿಗೆ ಇರಲ್ಲ. ನೀವೇ ಕರ್ಕೊಂಡು ಹೋಗ್ತಿದ್ದೀರಿ ಅಂದ್ಕೊಂಡಿದ್ದೆ. ಇಷ್ಟು ದಿನ ಅವಳು ಎಲ್ಲಿಗೆ ಹೋಗ್ತಿದ್ದಳು ಸರ್?"

ಸಭಿಕರೇ, ನಿಮ್ಮಲ್ಲಿ ಯಾರಿಗಾದರೂ ಗೊತ್ತೇ? ಗೊತ್ತಿದ್ದರೆ ಆಮೇಲೆ ಹೇಳಿ.

ನನಗೂ ಗೇಟಿನ ಹತ್ತಿರ ನಿಂತು ಅಭ್ಯಾಸವಿದೆ. ಈ ಮಾತು ಇಲ್ಲಿಗೆ ಸಂಬಂಧಿಸಿದ್ದಲ್ಲ, ಆದರೂ ಬಂತು. ಹತ್ತು ವರ್ಷದವನಿದ್ದಾಗ ನನ್ನನ್ನು ಹಾಸ್ಟೆಲಿಗೆ ಹಾಕಿದ್ದರು. ನಮ್ಮಪ್ಪ ಅಚ್ಚುಮೊಳೆ ಜೋಡಿಸುತ್ತಿದ್ದವರು, ಅಕ್ಷರವನ್ನು ತಿರುಗುಮುರುಗಾಗಿಯೂ ಓದುತ್ತಿದ್ದರು. ನನಗೆ ಇಲ್ಲಿ ಇರಲಾಗುತ್ತಿಲ್ಲ, ಬಂದು ಕರೆದುಕೊಂಡು ಹೋಗಿ ಅಂತ ಅವರಿಗೆ ಕಾಗದ ಬರೆದೆ. ಎಂಟು ದಿನಕ್ಕೆ ಉತ್ತರ ಬಂತು. ನನ್ನದೇ ಕಾಗದ. ಎರಡು ಕಡೆ ಕೆಂಪು ಸುತ್ತು ಹಾಕಿ, ಕೆಳಗೆ "ಎರಡು ತಪ್ಪು. ಪರವಾಗಿಲ್ಲ, ಸುಧಾರಿಸಿದ್ದೀಯ" ಅಂತ ಬರೆದಿದ್ದರು. ಒಳ್ಳೆಯವರು ನಮ್ಮಪ್ಪ. ಪ್ರತಿ ಶನಿವಾರ ನಾನು ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಬರಲಿಲ್ಲ. ಅವರಿಂದಲೇ ನನಗೆ ಈ ಕಸುಬು ಬಂತು. ಇದನ್ನು ಯಾಕೆ ಹೇಳಿದೆನೋ.

ವಿಷಯಕ್ಕೆ ಬರುತ್ತೇನೆ. ಮರುದಿನ ಮೇಡಂ ಅವಳ ಶಾಲೆಯ ಪುಸ್ತಕವನ್ನು ಕೊಟ್ಟು ಕಳಿಸಿದರು. ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ: ಲೇಖಕ ಬರೆದುಕೊಟ್ಟ ಮೂಲಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಪ್ರತಿಯ ಮೇಲೆ ಬೆರಳಿಟ್ಟು ಹೋಗಬೇಕು. ಕೆಲಸ ಮುಗಿದ ಮೇಲೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹರಿದು ಹಾಕುತ್ತೇವೆ. ಅವತ್ತು ಶಾಲೆಯ ಪುಸ್ತಕ ಹೆಂಡತಿಯ ಕೈಲಿ, ಮನೆಯ ಪುಸ್ತಕ ನನ್ನ ಕೈಲಿ. ಅಕ್ಷರ ಒಬ್ಬಳದೇ. ಮನೆಯದರಲ್ಲಿ ಒಂದು ತಪ್ಪಿಲ್ಲ, ಒಂದು ಚಿತ್ತಿಲ್ಲ. ಶಾಲೆಯದರಲ್ಲಿ ಶಾಯಿಯ ಕಲೆ, ಹರಿದ ಅಂಚು, ಮೀಸೆ ಬಿಟ್ಟ ಸೂರ್ಯ, ಪುಟಕ್ಕೆ ಹನ್ನೆರಡು ತಪ್ಪು. ಇಪ್ಪತ್ತೆರಡು ವರ್ಷದ ಅನುಭವದಿಂದ ಹೇಳುತ್ತೇನೆ, ಚಿತ್ತು ಕಾಟುಗಳೆಲ್ಲ ಮೂಲಪ್ರತಿಯಲ್ಲೇ ಇರುತ್ತವೆ. ತಿದ್ದಿ ತಿದ್ದಿ ಚೊಕ್ಕವಾದದ್ದು ಅಚ್ಚಿನ ಪ್ರತಿ.

ಕೊನೆಯ ಪುಟದಲ್ಲಿ "ನಮ್ಮ ತಂದೆ" ಎಂಬ ಪ್ರಬಂಧವಿತ್ತು. ಹೆಂಡತಿ ಓದಿದಳು. "ನಮ್ಮ ತಂದೆ ಮನೆಯಲ್ಲಿ ಇನ್ನೊಬ್ಬ ಹುಡುಗಿಗೆ ಪಾಠ ಹೇಳಿಕೊಡುತ್ತಾರೆ. ಅವಳು ತಪ್ಪೇ ಮಾಡುವುದಿಲ್ಲ. ಆದ್ದರಿಂದ ನಮ್ಮ ತಂದೆಗೆ ನನ್ನನ್ನು ಕರೆಯಲು ಬರಲು ಬಿಡುವಿಲ್ಲ. ಬಿಡುವಾದಾಗ ಬರುತ್ತಾರೆ." ಆಕೆ ಅಲ್ಲಿಗೆ ನಿಲ್ಲಿಸಿದಳು. ನಾನು ಮೊದಲ ಸಲ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಇವತ್ತು ಮಧ್ಯಾಹ್ನ ನಾನು ಇಲ್ಲಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ಮನೆಯಲ್ಲಿದ್ದವಳು ಬಾಗಿಲಿಗೆ ಬಂದು ನಿಂತಳು.

"ಅಪ್ಪ, ಇವತ್ತು ಅವಳನ್ನ ಕರ್ಕೊಂಡು ಬಾ."

"ಯಾರನ್ನ?"

"ಶಾಲೇಲಿ ಇರೋಳನ್ನ. ನನಗೆ ಆಟಕ್ಕೆ ಯಾರೂ ಇಲ್ಲ."

"ಅವಳ ವಿಷಯ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ. ಅವಳು ಬಿದ್ರೆ ನನ್ನ ಮಂಡಿ ಉರಿಯತ್ತೆ." ಮೇಜಿನ ಕಡೆ ತಿರುಗಿ ನೋಡಿ ಮತ್ತೆ ಹೇಳಿದಳು, "ಕುರ್ಚಿ ಒಂದೇ ಇದೆ ಅಲ್ವಾ? ಅವಳು ಬಂದಮೇಲೆ ನಾನು ಎದ್ದುಬಿಡ್ತೀನಿ. ನಿನಗೆ ತೊಂದರೆ ಆಗಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ವಾಕ್ಯದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.

ಆಗಲೇ ಹೇಳಿದೆನಲ್ಲ, ನಮ್ಮ ಕಸುಬಿನಲ್ಲಿ ಒಂದನ್ನು ಇಟ್ಟುಕೊಂಡು ಒಂದನ್ನು ಹರಿಯುತ್ತೇವೆ. ಆದರೆ ಈ ಒಂಬತ್ತು ತಿಂಗಳು ಹೇಳಿದ್ದಕ್ಕೆಲ್ಲ ಹ್ಞೂಂ ಅಂದು, ನಾನು ಬಯಸಿದ ಹಾಗೆಯೇ ಆಗಿ ಕುಳಿತವಳು ಅವಳು. ಅವಳನ್ನು ಹಾಗೆ ಮಾಡಿದ್ದು ಯಾರು? ಅವಳನ್ನು ನಾನು ಎಬ್ಬಿಸಿ ಕಳಿಸಲೇ? ಕಳಿಸುವುದಾದರೆ ಎಲ್ಲಿಗೆ? ಇಲ್ಲಿ ಗೇಟಿಗೆ ಆತುಕೊಂಡು ನನಗಾಗಿ ನಿಂತವಳನ್ನು ಇವತ್ತೂ ಬಿಟ್ಟು ಹೋಗಲೇ?

ಹೊರಡುವಾಗ ಹೆಂಡತಿಗೆ ಹೇಳಿದೆ, ನಾಲ್ಕೂವರೆಗೆ ಅವಳನ್ನು ಈ ಸಭಾಂಗಣಕ್ಕೆ ಕರೆದುಕೊಂಡು ಬಾ ಅಂತ. ಆಕೆ ಹೆದರಿದಳು. "ಒಂಬತ್ತು ತಿಂಗಳಿಂದ ಹೊಸಿಲು ದಾಟಿಲ್ಲ ರೀ. ದಾಟಿದ್ರೆ ಇರ್ತಾಳಾ?" ಅಂದಳು. ಗೊತ್ತಿಲ್ಲ ಅಂದೆ. "ಕೈ ಬಿಡಬೇಡ. ಏನಾದ್ರೂ ಮಾತಾಡ್ತಾ ಬಾ. ತಪ್ಪು ಮಾತಾಡಿದ್ರೂ ತಿದ್ದಬೇಡ."

ಮುಖ್ಯ ಅತಿಥಿಗಳೇ, ನೀವು ಗಡಿಯಾರ ನೋಡುವುದು ಸರಿ. ನಾನೂ ಅದಕ್ಕಾಗಿಯೇ ಇಷ್ಟುದ್ದ ಮಾತಾಡಿದೆ. ನಾಲ್ಕೂವರೆ ಆಗಲಿ ಅಂತ.

ಆಯಿತು. ಹಿಂದಿನ ಬಾಗಿಲು ತೆರೆಯಿತು ನೋಡಿ. ಅಲ್ಲ, ದಯವಿಟ್ಟು ಯಾರೂ ತಿರುಗಿ ನೋಡಬೇಡಿ, ಅವಳು ಹೆದರುತ್ತಾಳೆ. ನಾನು ನೋಡುತ್ತಿದ್ದೇನೆ, ಸಾಕು. ನನ್ನ ಹೆಂಡತಿ ಬಂದಿದ್ದಾಳೆ. ಆಕೆಯ ಕೈ ಖಾಲಿಯಿಲ್ಲ. ಖಾಲಿಯಿಲ್ಲ, ದೇವರೇ. ಇಬ್ಬರೂ ನಡುವಿನ ದಾರಿಯಲ್ಲಿ ಬರುತ್ತಿದ್ದಾರೆ. ಮಕ್ಕಳೇ, ಕಾಲು ಸ್ವಲ್ಪ ಮಡಿಸಿಕೊಳ್ಳಿ.

ಇತ್ತ ಪರದೆಯ ಬದಿಯಿಂದ ಬಹುಮಾನಕ್ಕೆಂದು ನಿಂತಿದ್ದವಳೂ ಹೊರಗೆ ಬಂದಿದ್ದಾಳೆ. ಈಗ ಮುಖ ಕಾಣುತ್ತಿದೆ. ಮುಂಗೈಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಮೇಡಂ ಬಹುಮಾನದ ತಟ್ಟೆ ಮುಂದೆ ಹಿಡಿದಿದ್ದಾರೆ, ಅವಳು ಅದನ್ನು ನೋಡುತ್ತಿಲ್ಲ. ಅವಳೂ ಕೆಳಗಿರುವವಳನ್ನೇ ನೋಡುತ್ತಿದ್ದಾಳೆ.

ನನ್ನನ್ನು ಕರೆದ ಶಾಲೆಗೆ, ನಾನು ಬಿಟ್ಟುಹೋದ ಮಗುವಿಗೆ ಪ್ರತಿ ದಿನ ಹಾಜರಿ ಹಾಕಿ, ಲಂಗದ ಅಂಚು ಬಿಚ್ಚಿದ ಹೆಡ್ ಮೇಡಂಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನನ್ನ ವಂದನೆಗಳು. ಹೇಳಬೇಕಾದ್ದು ಇನ್ನೂ ಇದೆ. ಆದರೆ ಈ ಮೈಕನ್ನು ಯಾರಾದರೂ ಹಿಡಿದುಕೊಳ್ಳಿ. ನನಗೆ ಈಗ ಎರಡೂ ಕೈ ಬೇಕು.

ನಮಸ್ಕಾರ.